ಗುಂಡು ಕಡಲಲ್ಲಿರುವಾಗ: ‘ವರ್ಲ್ಡ್ ಆಫ್ ವಾರ್‌ಶಿಪ್ಸ್’ ಆಡಲು ಕಲಿಯುವವರಿಗೆ

ಹುಬ್ಬಳ್ಳಿ-ಧಾರವಾಡದವರಾದ ನಮಗೆ ಕಡಲು ನಿತ್ಯದ ನೋಟವಲ್ಲ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆಯ ಮೇಲೆ ಹಾಯ್ದು ಕಾರವಾರ ಸೇರಿದ ಮೇಲೆಯೇ ನಮ್ಮಲ್ಲಿ ಹೆಚ್ಚಿನವರು ಯುದ್ಧನೌಕೆಯೊಂದನ್ನು ಹತ್ತಿರದಿಂದ ನೋಡಿರುತ್ತಾರೆ. ಅದೂ ಅಲ್ಲಿನ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು. ಹೀಗಿದ್ದರೂ ವಿದ್ಯಾನಗರ, ಸಪ್ತಾಪುರ, ಕಲ್ಯಾಣನಗರಗಳ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಹಡಗು ನಡೆಸುವ ಹುಡುಗರ ಸಂಖ್ಯೆ ಹೆಚ್ಚುತ್ತಿರುವುದನ್ನು ನಾನು ನೋಡುತ್ತಿದ್ದೇನೆ. ಅವರಲ್ಲಿ ಅನೇಕರು ಮೊದಲ ಇಪ್ಪತ್ತು ಪಂದ್ಯಗಳಲ್ಲಿ ಮೂರೇ ನಿಮಿಷಕ್ಕೆ ಮುಳುಗಿ, ಏಕೆ ಮುಳುಗಿದೆವೆಂಬುದೇ ತಿಳಿಯದೆ ಆಟವನ್ನು ಅಳಿಸಿಹಾಕುತ್ತಾರೆ. ಈ ಬರಹವನ್ನು ಅಂಥವರಿಗಾಗಿಯೇ ಬರೆದಿದ್ದೇನೆ.

‘ವರ್ಲ್ಡ್ ಆಫ್ ವಾರ್‌ಶಿಪ್ಸ್’ ಆಟವು 2015ರಲ್ಲಿ ಬಿಡುಗಡೆಯಾಯಿತು. ಎರಡು ಮಹಾಯುದ್ಧಗಳ ಕಾಲದ ಹಡಗುಗಳು ಇದರಲ್ಲಿ ಮುಖ್ಯವಾಗಿವೆ. ಸಾಮಾನ್ಯ ಪಂದ್ಯದಲ್ಲಿ ಒಂದೊಂದು ತಂಡಕ್ಕೆ 12 ಮಂದಿ ಇರುತ್ತಾರೆ. ಪಂದ್ಯಕ್ಕೆ 20 ನಿಮಿಷಗಳ ಮಿತಿ ಇದೆ. ಗುಂಡಿ ಒತ್ತುವ ಬೆರಳಿನ ವೇಗ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಈ ಆಟದಲ್ಲಿ ನೀವು ಕೊಟ್ಟ ಯಾವ ಅಪ್ಪಣೆಯೂ ಆ ಕ್ಷಣಕ್ಕೆ ಫಲ ಕೊಡುವುದಿಲ್ಲ. ಹದಿನೈದು ಕಿಲೋಮೀಟರ್ ದೂರಕ್ಕೆ ಹಾರಿಸಿದ ಗುಂಡು ಅಲ್ಲಿಗೆ ಮುಟ್ಟಲು ಹತ್ತು ಸೆಕೆಂಡಿನ ಆಸುಪಾಸು ಬೇಕು. ಬ್ಯಾಟಲ್‌ಶಿಪ್ಪಿನ, ಎಂದರೆ ದಪ್ಪ ಕವಚದ ದೊಡ್ಡ ಯುದ್ಧನೌಕೆಯ, ಫಿರಂಗಿಗಳು ಮತ್ತೆ ತುಂಬಿಕೊಳ್ಳಲು ಹೆಚ್ಚುಕಡಿಮೆ ಅರ್ಧ ನಿಮಿಷ ಬೇಕು. ನೀರಿನೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪಿಡೊ, ಆಟದ ಲೆಕ್ಕದಲ್ಲಿ ಅರವತ್ತು ನಾಟ್ ವೇಗದ್ದಾದರೆ, ಎಂಟು ಕಿಲೋಮೀಟರ್ ಸಾಗಲು ಮುಕ್ಕಾಲು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದ ಮೇಲೂ ದೊಡ್ಡ ಹಡಗು ತನ್ನ ಹಳೆಯ ದಾರಿಯಲ್ಲಿಯೇ ಕೆಲವು ಸೆಕೆಂಡು ಜಾರುತ್ತಿರುತ್ತದೆ. ನವಲಗುಂದದ ಎರೆ ಹೊಲದಲ್ಲಿ ಎತ್ತಿನ ಗಳೇವು ಹೊಡೆಯುವ ರೈತನು ಬದುವಿಗೆ ಮುಟ್ಟಿದ ಮೇಲೆ ಹೊರಳಿಸಲು ಹೋಗುವುದಿಲ್ಲ; ಬದು ನಾಲ್ಕು ಮಾರು ದೂರವಿರುವಾಗಲೇ ಎತ್ತುಗಳಿಗೆ ಸದ್ದು ಕೊಡುತ್ತಾನೆ. ಹಡಗಿನ ಆಟವನ್ನು ಆಡಬೇಕಾದದ್ದೂ ಹಾಗೆಯೇ. ಈಗ ಏನಾಗುತ್ತಿದೆ ಎಂಬುದಕ್ಕಿಂತ ಇನ್ನು ಅರ್ಧ ನಿಮಿಷಕ್ಕೆ ಯಾರು ಎಲ್ಲಿರುತ್ತಾರೆ ಎಂಬುದನ್ನು ಲೆಕ್ಕ ಹಾಕುವವನು ಬದುಕಿ ಉಳಿಯುತ್ತಾನೆ. ಮುಂದೆ ನಾನು ಹೇಳುವ ಗುರಿ, ಕೋನ, ಮರೆ, ದುರಸ್ತಿಗಳೆಲ್ಲವೂ ಈ ಒಂದೇ ಮಾತಿನ ಬೇರೆ ಬೇರೆ ಮುಖಗಳಾಗಿವೆ.

ಆಟವನ್ನು ಇಳಿಸಿಕೊಳ್ಳಲು ಹಣ ಕೊಡಬೇಕಾಗಿಲ್ಲ. ಆದರೆ ಅದರ ಗಾತ್ರ ಹತ್ತಾರು ಜಿಬಿ ಇರುವುದರಿಂದ ಮೊಬೈಲ್ ಡೇಟಾದ ಮೇಲೆ ನೆಚ್ಚಿಕೊಳ್ಳದೆ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ರಾತ್ರಿಯಿಡೀ ಇಳಿಯಲು ಬಿಡುವುದು ಒಳ್ಳೆಯದು. ಖಾತೆ ತೆರೆಯುವಾಗ ಏಷ್ಯಾ ಸರ್ವರನ್ನು ಆಯ್ದುಕೊಳ್ಳಿ, ಏಕೆಂದರೆ ದೂರದ ಸರ್ವರುಗಳಲ್ಲಿ ಪಿಂಗ್, ಎಂದರೆ ಸಂದೇಶ ಹೋಗಿ ಬರಲು ಹಿಡಿಯುವ ಹೊತ್ತು, ಹೆಚ್ಚಾಗುತ್ತದೆ. ಸಾಧ್ಯವಿದ್ದಷ್ಟೂ ವೈಫೈ ಬಿಟ್ಟು ಕೇಬಲ್ಲಿನಿಂದ ಸಂಪರ್ಕ ಪಡೆಯಿರಿ. ನಮ್ಮಲ್ಲಿ ಮುಂಗಾರಿನ ಮೊದಲ ಮಳೆಗೇ ಕರೆಂಟು ಹೋಗುವುದು ರೂಢಿಯಾದ್ದರಿಂದ ಕಂಪ್ಯೂಟರಿಗೂ ರೂಟರಿಗೂ ಯುಪಿಎಸ್ ಇಲ್ಲದೆ ಪಂದ್ಯಕ್ಕೆ ಕೂರಬೇಡಿ. ಪಂದ್ಯದ ನಡುವೆ ನೀವು ಮಾಯವಾದರೆ ಹನ್ನೊಂದು ಮಂದಿ ಅಪರಿಚಿತರು ಒಂದು ಹಡಗು ಕಡಿಮೆಯಾಗಿ ಹೋರಾಡಬೇಕಾಗುತ್ತದೆ, ಮತ್ತು ಪದೇ ಪದೇ ಬಿಟ್ಟುಹೋಗುವವರಿಗೆ ಆಟವೇ ದಂಡ ವಿಧಿಸುತ್ತದೆ.

ಕೀಲಿಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು. ಡಬ್ಲ್ಯು ಮತ್ತು ಎಸ್ ಕೀಲಿಗಳು ವೇಗವನ್ನು ಹಂತಹಂತವಾಗಿ ಏರಿಸಿ ಇಳಿಸುತ್ತವೆ. ಎ ಮತ್ತು ಡಿ ಕೀಲಿಗಳು ಚುಕ್ಕಾಣಿಯನ್ನು ಒತ್ತಿದಷ್ಟು ಹೊತ್ತು ತಿರುಗಿಸುತ್ತವೆ. ಕ್ಯೂ ಮತ್ತು ಇ ಕೀಲಿಗಳು ಅದನ್ನು ತಿರುಗಿದ ಸ್ಥಿತಿಯಲ್ಲಿಯೇ ಕಟ್ಟಿಹಾಕುತ್ತವೆ. ಒಂದು ಮತ್ತು ಎರಡರ ಅಂಕೆಗಳಿಂದ ಗುಂಡಿನ ಬಗೆಯನ್ನೂ ಮೂರರಿಂದ ಟಾರ್ಪಿಡೊವನ್ನೂ ಆರಿಸಿಕೊಳ್ಳಬೇಕು. ಶಿಫ್ಟ್ ಒತ್ತಿದರೆ ದುರ್ಬೀನಿನ ನೋಟ ಬರುತ್ತದೆ, ಎಕ್ಸ್ ಒತ್ತಿದರೆ ಗುರಿ ಹಿಡಿದ ಹಡಗಿಗೆ ನೋಟ ಅಂಟಿಕೊಳ್ಳುತ್ತದೆ, ಎಂ ಒತ್ತಿದರೆ ನಕಾಶೆ ತೆರೆಯುತ್ತದೆ, ಆರ್ ಒತ್ತಿದರೆ ದುರಸ್ತಿ ತಂಡ ಕೆಲಸಕ್ಕೆ ಇಳಿಯುತ್ತದೆ. ಮನುಷ್ಯರ ಎದುರು ಇಳಿಯುವ ಮೊದಲು ಯಂತ್ರವೇ ನಡೆಸುವ ಹಡಗುಗಳ ವಿರುದ್ಧದ ‘ಕೋ-ಆಪ್’ ಪಂದ್ಯಗಳಲ್ಲಿ ಒಂದು ವಾರವಾದರೂ ಕೈ ಪಳಗಿಸಿಕೊಳ್ಳಿ. ಪ್ರತಿ ಹಡಗನ್ನೂ ಹೊರಡಿಸುವ ಮೊದಲು ಬಂದರಿನ ಪರದೆಯಲ್ಲಿ ಅದರ ನಾಲ್ಕು ಅಂಕಿಗಳನ್ನು ಓದಿಕೊಳ್ಳುವುದು ನನ್ನ ನಿಯಮವಾಗಿದೆ: ಫಿರಂಗಿ ತುಂಬಿಕೊಳ್ಳುವ ಸಮಯ, ಫಿರಂಗಿಗಳನ್ನು ಕೂರಿಸಿದ ಗೋಪುರ ಅರ್ಧ ಸುತ್ತು ತಿರುಗುವ ಸಮಯ, ಚುಕ್ಕಾಣಿ ಹೊರಳುವ ಸಮಯ, ಮತ್ತು ಶತ್ರುವಿಗೆ ನೀವು ಕಾಣಿಸಿಕೊಳ್ಳುವ ದೂರ. ಕೊನೆಯದನ್ನು ಹೊಸಬರು ಯಾರೂ ಓದುವುದಿಲ್ಲ; ನಾಲ್ಕರಲ್ಲಿ ಅದೇ ಹೆಚ್ಚು ಮುಖ್ಯವಾದುದು.

ಯಾವ ಹಡಗಿನಿಂದ ಕಲಿಯಬೇಕೆಂಬುದರಲ್ಲಿ ಅಭಿಪ್ರಾಯಭೇದವಿದೆ. ದಪ್ಪ ಕವಚವಿರುವುದರಿಂದ ಬ್ಯಾಟಲ್‌ಶಿಪ್ಪೇ ಹೊಸಬರಿಗೆ ಸುಲಭವೆಂದು ಬಹಳ ಮಂದಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬ್ಯಾಟಲ್‌ಶಿಪ್ ನಿಮ್ಮ ತಪ್ಪುಗಳನ್ನು ಹತ್ತು ನಿಮಿಷದವರೆಗೆ ಮುಚ್ಚಿಟ್ಟು, ಹನ್ನೊಂದನೆಯ ನಿಮಿಷದಲ್ಲಿ ಎಲ್ಲವನ್ನೂ ಒಟ್ಟಿಗೆ ವಸೂಲು ಮಾಡುತ್ತದೆ. ಅಷ್ಟರಲ್ಲಿ ಯಾವ ತಪ್ಪಿಗೆ ಯಾವ ಶಿಕ್ಷೆ ಎಂಬ ಸಂಬಂಧವೇ ಮರೆತುಹೋಗಿರುತ್ತದೆ. ಡೆಸ್ಟ್ರಾಯರ್ ವೇಗದ, ತೆಳು ಮೈಯ ಹಡಗು. ಅದನ್ನು ನಡೆಸಲು ನಕಾಶೆಗಳ ಪರಿಚಯ ಬೇಕು. ವಿಮಾನವಾಹಕ ನೌಕೆ ಮತ್ತು ಜಲಾಂತರ್ಗಾಮಿಗಳು ಬೇರೆಯೇ ಆಟಗಳು. ಬ್ಯಾಟಲ್‌ಶಿಪ್ ಮತ್ತು ಡೆಸ್ಟ್ರಾಯರುಗಳ ನಡುವಿನ ಗಾತ್ರದ ಕ್ರೂಸರ್ ಮಾತ್ರ ಪ್ರತಿ ತಪ್ಪನ್ನೂ ಅಲ್ಲಿಂದಲ್ಲಿಗೇ ತೋರಿಸಿಕೊಡುತ್ತದೆ.

ಕ್ರೂಸರುಗಳಲ್ಲಿ, ಆಟವು ಹಡಗುಗಳಿಗೆ ಕೊಡುವ ಶ್ರೇಣಿಯಲ್ಲಿ ಆರನೆಯ ಹಂತದ, ಬ್ರಿಟಿಷ್ ‘ಲಿಯಾಂಡರ್’ ಬಗ್ಗೆ ನನಗೆ ವಿಶೇಷವಾದ ಪ್ರೀತಿಯಿದೆ. ಅದೇ ವರ್ಗದ ‘ಅಕಿಲೀಸ್’ ಎಂಬ ಹಡಗು 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದೀಮುಖದ ಬಳಿ ಜರ್ಮನಿಯ ‘ಆಡ್ಮಿರಲ್ ಗ್ರಾಫ್ ಸ್ಪೀ’ ಜೊತೆ ಕಾದಾಡಿತು. 1948ರಲ್ಲಿ ಭಾರತಕ್ಕೆ ಬಂದು ಮುಂದೆ ‘ಐಎನ್‌ಎಸ್ ದೆಹಲಿ’ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯಲ್ಲಿ 1978ರವರೆಗೆ ಸೇವೆಯಲ್ಲಿತ್ತು. ಆಟದಲ್ಲಿ ಲಿಯಾಂಡರ್ ನಡೆಸುವವರು ಒಂದು ರೀತಿಯಲ್ಲಿ ನಮ್ಮದೇ ಹಡಗಿನ ಅಕ್ಕತಂಗಿಯನ್ನು ನಡೆಸುತ್ತಿರುತ್ತಾರೆ. ಎರಡೆರಡರಂತೆ ನಾಲ್ಕು ಗೋಪುರಗಳಲ್ಲಿ ಎಂಟು 152 ಮಿಲಿಮೀಟರ್ ಫಿರಂಗಿಗಳು, ಹೊಗೆ ಎಬ್ಬಿಸುವ ಸಾಧನ, ಮೈ ದುರಸ್ತಿ ಮಾಡಿಕೊಳ್ಳುವ ಶಕ್ತಿ, ಒಂದೊಂದಾಗಿ ಬಿಡಬಹುದಾದ ಟಾರ್ಪಿಡೊಗಳು ಎಲ್ಲವೂ ಅದರಲ್ಲಿವೆ. ಬೆಂಕಿ ಹಚ್ಚುವ ಸಿಡಿಗುಂಡು ಮಾತ್ರ ಅದಕ್ಕಿಲ್ಲ. ಕವಚ ಭೇದಿಸುವ ಗುಂಡಿನಿಂದಲೇ ಎಲ್ಲ ಕೆಲಸವನ್ನೂ ಮಾಡಬೇಕು. ಆ ಕಟ್ಟುಪಾಡೇ ಗುರಿಯನ್ನು ಕಲಿಸುತ್ತದೆ.

ಗುರಿಯಿಡುವಾಗ ಹಡಗು ಇರುವಲ್ಲಿಗೆ ಹೊಡೆಯದೆ ಅದು ಬರಲಿರುವಲ್ಲಿಗೆ ಹೊಡೆಯಬೇಕು. ದುರ್ಬೀನಿನ ನೋಟದಲ್ಲಿ ಗುರಿಯ ದೂರವೂ ಗುಂಡು ಅಲ್ಲಿಗೆ ತಲುಪಲು ಬೇಕಾದ ಸೆಕೆಂಡುಗಳೂ ಕಾಣುತ್ತವೆ. ಅಡ್ಡಗೆರೆಯ ಮೇಲೆ ಅಳತೆಯ ಗೀಟುಗಳಿರುತ್ತವೆ. ಗುಂಡಿನ ಹಾರಾಟದ ಸಮಯ ಹೆಚ್ಚಿದಷ್ಟೂ, ಶತ್ರುವಿನ ವೇಗ ಹೆಚ್ಚಿದಷ್ಟೂ ಹೆಚ್ಚು ಗೀಟುಗಳನ್ನು ಮುಂದೆ ಬಿಡಬೇಕು. ಶತ್ರು ನಿಮಗೆ ಪೂರ್ತಿ ಅಡ್ಡಲಾಗಿ ಸಾಗುತ್ತಿದ್ದರೆ ಅಷ್ಟನ್ನೂ ಬಿಡಬೇಕು. ಓರೆಯಾಗಿ ಬರುತ್ತಿದ್ದರೆ ಅದರಲ್ಲಿ ಅರ್ಧದಷ್ಟು ಸಾಕು. ನೇರ ನಿಮ್ಮ ಕಡೆಗೇ ಬರುತ್ತಿದ್ದರೆ ಪಕ್ಕಕ್ಕೆ ಏನೂ ಬಿಡದೆ, ಅದು ಮುಂದೆ ಬರುವ ಲೆಕ್ಕದಲ್ಲಿ ತುಸು ಕೆಳಗೆ ಹಿಡಿಯಬೇಕು. ಮೂತಿಯಲ್ಲಿ ಬಿಳಿ ನೊರೆ ದೊಡ್ಡದಾಗಿ ಎದ್ದಿದ್ದರೆ ಹಡಗು ವೇಗದಲ್ಲಿದೆ. ನೊರೆ ಕುಗ್ಗಿದ್ದರೆ ಅದು ನಿಲ್ಲುತ್ತಿದೆ ಅಥವಾ ಹಿಂದಕ್ಕೆ ಸರಿಯಲಿದೆ.

ಎಂಟೂ ಫಿರಂಗಿಗಳನ್ನು ಒಮ್ಮೆಲೇ ಹಾರಿಸುವ ಆತುರ ಬೇಡ. ಮೊದಲು ಒಂದು ಗೋಪುರದಿಂದ ಎರಡು ಗುಂಡು ಹಾರಿಸಿ, ನೀರು ಎಲ್ಲಿ ಚಿಮ್ಮಿತೆಂಬುದನ್ನು ನೋಡಿ, ಅಷ್ಟರಮಟ್ಟಿಗೆ ತಿದ್ದಿ ಉಳಿದ ಮೂರನ್ನು ಹಾರಿಸಿ. ನಿಜವಾದ ಯುದ್ಧನೌಕೆಗಳ ಗುರಿಗಾರರೂ ಹೀಗೆಯೇ ನೀರಿನ ಕಂಬಗಳನ್ನು ನೋಡಿ ದೂರವನ್ನು ತಿದ್ದಿಕೊಳ್ಳುತ್ತಿದ್ದರು. ಎತ್ತರದ ವಿಷಯದಲ್ಲಿ ಹೊಸಬರ ಕಣ್ಣು ತಪ್ಪದೆ ಹಡಗಿನ ಮೇಲಿನ ಎತ್ತರದ ಕಟ್ಟಡಗಳಿಗೆ ಹೋಗುತ್ತದೆ, ಅದು ವ್ಯರ್ಥ. ಮದ್ದಿನ ಕೋಣೆ ಮತ್ತು ಎಂಜಿನ್ನುಗಳಿರುವ, ಆಟಗಾರರು ‘ಸಿಟಡೆಲ್’ ಎಂದು ಕರೆಯುವ ಗರ್ಭಭಾಗವು ಹೊಗೆಕೊಳವೆಯ ಕೆಳಗೆ, ನೀರಿನ ಮಟ್ಟದ ಹತ್ತಿರ ಇರುತ್ತದೆ. ಕವಚ ಭೇದಿಸುವ ಗುಂಡು ಅಲ್ಲಿ ಹೊಕ್ಕು ಸಿಡಿದರೆ ಅದರ ಪೂರ್ತಿ ಹಾನಿ ತಗಲುತ್ತದೆ. ಬೇರೆಡೆ ಹೊಕ್ಕು ಸಿಡಿದರೆ ಮೂರರಲ್ಲೊಂದು ಪಾಲು. ಸಿಡಿಯದೆ ಈ ಕಡೆಯಿಂದ ಆ ಕಡೆಗೆ ತೂರಿಹೋದರೆ ಹತ್ತರಲ್ಲೊಂದು ಪಾಲು ಮಾತ್ರ.

ಈ ಕೊನೆಯ ಮಾತು ಗುಂಡಿನ ಆಯ್ಕೆಯನ್ನು ನಿರ್ಧರಿಸುತ್ತದೆ. ಡೆಸ್ಟ್ರಾಯರಿನ ತೆಳುವಾದ ಮೈಗೆ ಬ್ಯಾಟಲ್‌ಶಿಪ್ಪಿನ ಕವಚಭೇದಿ ಗುಂಡು ಹೊಡೆದರೆ ಅದು ಸಿಡಿಯುವಷ್ಟು ತಡೆಯನ್ನೇ ಕಾಣದೆ ಹೊರಬೀಳುತ್ತದೆ. 1944ರ ಅಕ್ಟೋಬರ್ 25ರಂದು ಫಿಲಿಪೀನ್ಸಿನ ಸಮಾರ್ ದ್ವೀಪದ ಬಳಿ ಅಮೆರಿಕದ ತೆಳುಮೈಯ ಸಣ್ಣ ಹಡಗುಗಳ ಗುಂಪೊಂದು ‘ಯಮಾಟೊ’ ಸೇರಿ ನಾಲ್ಕು ಜಪಾನಿ ಬ್ಯಾಟಲ್‌ಶಿಪ್ಪುಗಳಿದ್ದ ಪಡೆಯನ್ನು ಎದುರಿಸಿದಾಗ, ಭಾರೀ ಗುಂಡುಗಳು ಹಲವು ಸಲ ಹೀಗೆ ತೂರಿಹೋದದ್ದೂ ಅವು ಅಷ್ಟು ಹೊತ್ತು ತೇಲಿ ಉಳಿದುದಕ್ಕೆ ಒಂದು ಕಾರಣ. ಆದುದರಿಂದ ಡೆಸ್ಟ್ರಾಯರಿಗೆ ಮತ್ತು ನೇರ ಮೂತಿ ತೋರಿಸುತ್ತಿರುವ ದಪ್ಪ ಹಡಗಿಗೆ ಸಿಡಿಗುಂಡನ್ನೂ, ಪಕ್ಕೆ ತೋರಿಸುತ್ತಿರುವ ಕ್ರೂಸರ್ ಅಥವಾ ಬ್ಯಾಟಲ್‌ಶಿಪ್ಪಿಗೆ ಕವಚಭೇದಿಯನ್ನೂ ಬಳಸಿ. ಗುಂಡಿನ ಬಗೆಯನ್ನು ಬದಲಿಸಿದರೆ ಫಿರಂಗಿಯನ್ನು ಮೊದಲಿನಿಂದ ತುಂಬಬೇಕಾದ್ದರಿಂದ, ಶತ್ರು ದ್ವೀಪದ ಮರೆಯಿಂದ ಹೊರಬರುವ ಮೊದಲೇ ಯಾವ ಗುಂಡು ಬೇಕಾದೀತೆಂದು ಊಹಿಸಿ ತುಂಬಿಟ್ಟುಕೊಳ್ಳಿ.

ಈಗ ಇಡೀ ಆಟದ ತಿರುಳಿಗೆ ಬರುತ್ತೇನೆ, ಅದು ಕೋನ. ಉಣಕಲ್ ಕೆರೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿಗೆ ಓರೆಯಾಗಿ ಬೀಸಿದರೆ ಅದು ಪುಟಿದು ಪುಟಿದು ದೂರ ಹೋಗುತ್ತದೆ. ಅದನ್ನೇ ಮೇಲಿನಿಂದ ಕೆಳಕ್ಕೆ ಎಸೆದರೆ ನೇರ ಮುಳುಗುತ್ತದೆ. ಉಕ್ಕಿನ ಕವಚಕ್ಕೆ ಬಡಿಯುವ ಗುಂಡಿನ ನಡತೆಯೂ ಹೀಗೆಯೇ ಇರುತ್ತದೆ. ಸಾಮಾನ್ಯ ಕವಚಭೇದಿ ಗುಂಡು ನಿಮ್ಮ ಪಕ್ಕೆಗೆ 30 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ ಬಂದು ಬಡಿದರೆ ಖಂಡಿತ ಪುಟಿಯುತ್ತದೆ. 30ರಿಂದ 45 ಡಿಗ್ರಿಯೊಳಗೆ ಬಡಿದರೆ ಪುಟಿದರೂ ಪುಟಿಯಬಹುದು. ಅದಕ್ಕಿಂತ ನೆಟ್ಟಗೆ ಬಂದರೆ ಪುಟಿಯುವುದಿಲ್ಲ. ಶತ್ರುವಿನ ಕಡೆಗೆ ಮೂತಿಯನ್ನು ತಿರುಗಿಸಿ, ಪಕ್ಕೆಯನ್ನು ತುಸುವೇ ತೆರೆದು ಸಾಗುವ ಹಡಗು, ಅದೇ ಕವಚವಿದ್ದೂ ಅಡ್ಡಲಾಗಿ ನಿಂತ ಹಡಗಿಗಿಂತ ಎಷ್ಟೋ ಪಟ್ಟು ಹೆಚ್ಚು ಹೊತ್ತು ಬದುಕುವುದು ಇದರಿಂದಲೇ.

ಇದಕ್ಕೊಂದು ಅಪವಾದವಿದೆ. ಗುಂಡಿನ ವ್ಯಾಸವು ಅದು ಬಡಿಯುವ ತಗಡಿನ ದಪ್ಪದ 14.3 ಪಟ್ಟಿಗಿಂತ ಹೆಚ್ಚಾಗಿದ್ದರೆ ಯಾವ ಕೋನವೂ ನಿಮ್ಮನ್ನು ಕಾಯುವುದಿಲ್ಲ. ‘ಬಿಸ್ಮಾರ್ಕ್’ನ 380 ಮಿಲಿಮೀಟರ್ ಗುಂಡು 26 ಮಿಲಿಮೀಟರ್ ತಗಡನ್ನೂ, ಯಮಾಟೊದ 460 ಮಿಲಿಮೀಟರ್ ಗುಂಡು 32 ಮಿಲಿಮೀಟರ್ ತಗಡನ್ನೂ ಹೇಗೆ ಬಂದರೂ ಸೀಳುತ್ತವೆ. ನಿಮ್ಮ ಮೂತಿಯ ತಗಡಿನ ದಪ್ಪವನ್ನು ಬಂದರಿನಲ್ಲಿಯೇ ನೋಡಿಕೊಂಡು, ಯಾವ ಶತ್ರುವಿನ ಎದುರು ಮೂತಿಯೊಡ್ಡಿ ನಿಲ್ಲಬಹುದು, ಯಾರನ್ನು ಕಂಡರೆ ದ್ವೀಪದ ಹಿಂದೆ ಸರಿಯಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು.

ಕೋನದ ವಿಷಯದಲ್ಲಿ ಎಲ್ಲರೂ ಎಡವುವುದು ತಿರುಗುವ ಹೊತ್ತಿನಲ್ಲಿ. ಮೂತಿಯೊಡ್ಡಿದ ಹಡಗು ಹಿಂದಿರುಗಬೇಕಾದರೆ ನಡುವೆ ಒಮ್ಮೆ ತನ್ನ ಇಡೀ ಪಕ್ಕೆಯನ್ನು ತೋರಿಸಲೇಬೇಕು. ನಾನು ಆಡುವಾಗ ಜೊತೆಗಿರುವ ನನ್ನ ಅಕ್ಕನ ಮಗ ಧಾರವಾಡದಿಂದ ಹೆಡ್‌ಫೋನಿನಲ್ಲಿ ಕೂಗುವ ಮಾತು ಒಂದೇ: “ಮಾಮಾ, ಈಗ ಹೊಳ್ಳಬ್ಯಾಡ್ರಿ, ಅಂವಾ ಕಾಯಾಕತ್ಯಾನ!” ಅವನ ಮಾತು ಸರಿ. ಎದುರಿನ ಬ್ಯಾಟಲ್‌ಶಿಪ್ ಗುಂಡು ತುಂಬಿಕೊಂಡು ನಿಮ್ಮ ಪಕ್ಕೆಗಾಗಿಯೇ ಕಾಯುತ್ತಿರುತ್ತದೆ. ಅದು ಒಮ್ಮೆ ಹಾರಿಸುವುದನ್ನು ಕಣ್ಣಾರೆ ನೋಡಿ, ಅದರ ಗುಂಡುಗಳು ಕಡಲ ಮೇಲೆ ಹಾರುತ್ತಿರುವಾಗಲೇ ಚುಕ್ಕಾಣಿ ಹೊರಳಿಸಬೇಕು. ಆಗ ಮತ್ತೆ ತುಂಬಿಕೊಳ್ಳುವ ಅರ್ಧ ನಿಮಿಷ ನಿಮ್ಮದಾಗುತ್ತದೆ. ಇಬ್ಬರು ಶತ್ರುಗಳಿದ್ದರೆ ಇಬ್ಬರ ಗುಂಡುಗಳನ್ನೂ ಎಣಿಸಬೇಕು. 1941ರ ಮೇ 24ರ ಬೆಳಗ್ಗೆ ಡೆನ್ಮಾರ್ಕ್ ಜಲಸಂಧಿಯಲ್ಲಿ ಬ್ರಿಟನ್ನಿನ ‘ಹುಡ್’ ತನ್ನ ಹಿಂದಿನ ಗೋಪುರಗಳಿಗೂ ಗುರಿ ಸಿಗಲೆಂದು ತಿರುಗುತ್ತಿದ್ದಾಗಲೇ ಬಿಸ್ಮಾರ್ಕ್‌ನ ಗುಂಡು ಅದರ ಮದ್ದಿನ ಕೋಣೆಯನ್ನು ಸ್ಫೋಟಿಸಿತು; ಹಡಗಿನಲ್ಲಿದ್ದ 1,418 ಮಂದಿಯಲ್ಲಿ ಉಳಿದವರು ಮೂವರು. ಆಟದ ಪರದೆಯಲ್ಲಿ ನಾವು ಹಗುರವಾಗಿ ‘ಸಿಟಡೆಲ್ ಬಿತ್ತು’ ಎನ್ನುವ ಮಾತಿನ ಹಿಂದೆ ಇಂಥ ಸಾವುಗಳಿವೆ ಎಂಬುದನ್ನು ಎಳೆಯ ಆಟಗಾರರು ತಿಳಿದುಕೊಂಡು ಆಡಬೇಕೆಂಬುದು ನನ್ನ ಬಯಕೆ.

ಹಾಗಾದರೆ ಹಿಂದಿನ ಗೋಪುರಗಳನ್ನು ಬಳಸುವುದು ಹೇಗೆ? ಮೂತಿಯನ್ನು ಶತ್ರುವಿನ ಕಡೆಗಿಟ್ಟು ಸಾಗುತ್ತ, ನಿಮ್ಮ ಫಿರಂಗಿಗಳು ತುಂಬಿಕೊಳ್ಳಲು ಐದಾರು ಸೆಕೆಂಡು ಇರುವಾಗ ಚುಕ್ಕಾಣಿಯನ್ನು ಹೊರಕ್ಕೆ ತಿರುಗಿಸಿ, ಹಿಂದಿನ ಗೋಪುರಗಳಿಗೆ ಗುರಿ ಸಿಕ್ಕ ಕ್ಷಣದಲ್ಲಿ ಎಲ್ಲವನ್ನೂ ಹಾರಿಸಿ, ಹಾರಿಸುವ ಮೊದಲೇ ಚುಕ್ಕಾಣಿಯನ್ನು ಒಳಕ್ಕೆ ಒತ್ತಿರಬೇಕು. ಬಾಗಿಲನ್ನು ಗೇಣಷ್ಟು ತೆರೆದು, ಹೊರಗೆ ನೋಡಿ, ಮತ್ತೆ ಮುಚ್ಚಿದಂತೆ ಇದು ನಡೆಯಬೇಕು. ಈ ತೂಗಾಟವನ್ನು ಕೋ-ಆಪ್ ಪಂದ್ಯಗಳಲ್ಲಿ ನೂರು ಸಲ ಮಾಡಿ ರೂಢಿಸಿಕೊಂಡರೆ ಮುಂದೆ ಕೈ ತಾನಾಗಿಯೇ ಮಾಡುತ್ತದೆ. ಇದು ಬಂದ ಮೇಲೆ ಆಟಗಾರನ ಮಟ್ಟ ಒಮ್ಮೆಲೇ ಏರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕೋನಕ್ಕೂ ಮೊದಲಿನ ರಕ್ಷಣೆಯೆಂದರೆ ಕಾಣದಿರುವುದು. ಪ್ರತಿ ಹಡಗಿಗೂ ಅದು ಶತ್ರುವಿನ ಕಣ್ಣಿಗೆ ಬೀಳುವ ಒಂದು ದೂರವಿರುತ್ತದೆ. ಡೆಸ್ಟ್ರಾಯರಿಗೆ ಅದು ಬಹಳ ಕಡಿಮೆ, ಬ್ಯಾಟಲ್‌ಶಿಪ್ಪಿಗೆ ಹೆಚ್ಚು. ನೀವು ಕಾಣಿಸಿಕೊಂಡಾಗ ಪರದೆಯ ಮೇಲೆ ಎಚ್ಚರಿಕೆಯ ಗುರುತು ಹೊತ್ತಿಕೊಳ್ಳುತ್ತದೆ. ಫಿರಂಗಿ ಹಾರಿಸಿದರೆ ಆ ದೂರವು ಫಿರಂಗಿಯ ವ್ಯಾಪ್ತಿಯಷ್ಟಕ್ಕೆ ಹಿಗ್ಗಿ, ಇಪ್ಪತ್ತು ಸೆಕೆಂಡು ಹಾಗೆಯೇ ಇರುತ್ತದೆ. ಆದುದರಿಂದ ಪೆಟ್ಟು ಹೆಚ್ಚಾದಾಗ ಮಾಡಬೇಕಾದ ಮೊದಲ ಕೆಲಸ ಗುಂಡು ನಿಲ್ಲಿಸುವುದು. ಗುಂಡು ನಿಲ್ಲಿಸಿ, ಶತ್ರುವಿನಿಂದ ದೂರ ತಿರುಗಿ, ಇಪ್ಪತ್ತು ಎಣಿಸಿದರೆ ಎಷ್ಟೋ ಸಲ ಆ ಗುರುತು ಆರಿಹೋಗುತ್ತದೆ, ಹಿಂದೆ ಬಿದ್ದಿದ್ದ ನಾಲ್ಕು ಹಡಗುಗಳ ಗುರಿಯಿಂದ ನೀವು ಮಾಯವಾಗುತ್ತೀರಿ. ಸಾಯುತ್ತಿರುವಾಗ ಇನ್ನೊಂದು ಸುತ್ತು ಹಾರಿಸಬೇಕೆಂಬ ಆಸೆಯನ್ನು ಗೆಲ್ಲುವುದು ಕಠಿಣ; ಗೆದ್ದವರು ಪಂದ್ಯದ ಕೊನೆಯವರೆಗೆ ಇರುತ್ತಾರೆ.

ನಕಾಶೆಯ ಸಣ್ಣ ಚೌಕವನ್ನು ಹೊಂದಿಸುವಲ್ಲಿ ಎಷ್ಟು ದೊಡ್ಡದಾಗುತ್ತದೋ ಅಷ್ಟು ದೊಡ್ಡದಾಗಿ ಮಾಡಿಕೊಂಡು, ಅದರಲ್ಲಿ ನಿಮ್ಮ ಫಿರಂಗಿಯ ವ್ಯಾಪ್ತಿಯ ವೃತ್ತವನ್ನೂ ನೀವು ಕಾಣಿಸಿಕೊಳ್ಳುವ ದೂರದ ವೃತ್ತವನ್ನೂ ತೋರಿಸುವಂತೆ ಮಾಡಿ. ಹೆದ್ದಾರಿಯಲ್ಲಿ ಗಾಡಿ ಓಡಿಸುವವನು ಕನ್ನಡಿ ನೋಡುವಷ್ಟು ಸಲ ಅದನ್ನು ನೋಡಬೇಕು. ಕಾಣುವ ಶತ್ರುಗಳಿಗಿಂತ ಕಾಣದವರು ಎಲ್ಲಿರಬಹುದು ಎಂಬ ಪ್ರಶ್ನೆಯೇ ದೊಡ್ಡದು. ಎದುರು ತಂಡದಲ್ಲಿ ಮೂರು ಡೆಸ್ಟ್ರಾಯರುಗಳಿದ್ದು ಎರಡು ಮಾತ್ರ ಕಂಡಿದ್ದರೆ, ಮೂರನೆಯದು ನಿಮ್ಮ ಕಡೆಗೇ ಬರುತ್ತಿದೆಯೆಂದು ಭಾವಿಸಿಕೊಂಡು ಹಡಗು ನಡೆಸಿ.

ಹೊಗೆಯ ಪರದೆಯೂ ಮರೆಯೇ. ಆದರೆ ಅದರಲ್ಲಿ ಕುಳಿತವನು ಹೊರಗೆ ನೋಡಬೇಕಾದರೆ ಜೊತೆಗಾರನೊಬ್ಬನು ಶತ್ರುವನ್ನು ಕಾಣುತ್ತಿರಬೇಕು. ಹೊಗೆಯೊಳಗಿಂದ ಗುಂಡು ಹಾರಿಸಿದರೆ ಹತ್ತಿರದ ಶತ್ರುವಿಗೆ ನೀವು ಕಾಣುತ್ತೀರಿ. ಎರಡು ಕಿಲೋಮೀಟರಿನೊಳಗೆ ಬಂದ ಹಡಗಿನಿಂದ ಹೊಗೆಯೂ ದ್ವೀಪವೂ ನಿಮ್ಮನ್ನು ಮರೆಮಾಡಲಾರವು. ರೇಡಾರ್ ಇರುವ ಕ್ರೂಸರುಗಳು ಹೊಗೆಯ ಮೂಲಕವೂ ದ್ವೀಪದ ಮೂಲಕವೂ ನೋಡಬಲ್ಲವು. ವೇಗವಾಗಿ ಓಡುತ್ತ ಹೊಗೆ ಬಿಟ್ಟರೆ ನೀವೇ ಅದರಿಂದ ಹೊರಗೆ ಬೀಳುತ್ತೀರಿ. ಮೊದಲು ವೇಗವನ್ನು ಕಾಲುಭಾಗಕ್ಕೆ ಇಳಿಸಿ, ಆಮೇಲೆ ಬಿಡಬೇಕು. ಹೊಗೆಯಲ್ಲಿ ಕದಲದೆ ನಿಂತ ಹಡಗಿನ ಕಡೆಗೆ ಟಾರ್ಪಿಡೊಗಳು ಬಂದೇ ಬರುತ್ತವೆ. ಆದ್ದರಿಂದ ಅಲ್ಲಿಯೂ ನಿಧಾನವಾಗಿ ಮುಂದೆ ಹಿಂದೆ ಸರಿಯುತ್ತಿರಿ.

ಟಾರ್ಪಿಡೊಗಳು ಕಂಡಾಗ ಅವುಗಳ ಕಡೆಗೇ ಮೂತಿ ತಿರುಗಿಸಿ, ಎರಡರ ನಡುವಿನ ಸಂದಿಯಲ್ಲಿ ನುಸುಳಬೇಕು. ಮೂತಿಗಿಂತ ಹಿಂಬದಿ ಹತ್ತಿರವಿದ್ದರೆ ಬೆನ್ನು ತೋರಿಸಿ ಅವುಗಳ ಜೊತೆಯಲ್ಲಿಯೇ ಓಡಬೇಕು. ಕಾಣುವ ಮೊದಲೇ ತಪ್ಪಿಸಿಕೊಳ್ಳುವ ಉಪಾಯವೆಂದರೆ ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ ಅರ್ಧ ನಿಮಿಷಕ್ಕಿಂತ ಹೆಚ್ಚು ಸಾಗದಿರುವುದು. ಟಾರ್ಪಿಡೊ ಬಿಡುವಾಗ ಪರದೆ ತೋರಿಸುವ ಗುರುತು ಶತ್ರು ನೇರ ಸಾಗಿದರೆ ಮಾತ್ರ ಸರಿ. ಅವನು ಎಲ್ಲಿ ತಿರುಗಬಹುದೆಂದು ಊಹಿಸಿ ಒಂದು ಕಟ್ಟನ್ನು ಗುರುತಿನ ಮೇಲೂ ಇನ್ನೊಂದನ್ನು ಅದರ ಪಕ್ಕಕ್ಕೂ ಬಿಡಿ. ನಡುವೆ ನಿಮ್ಮವರ ಹಡಗು ಇದ್ದರೆ ಬಿಡಲೇಬೇಡಿ.

ದುರಸ್ತಿಯಲ್ಲಿ ತಾಳ್ಮೆ ಬೇಕು. ಆರ್ ಕೀಲಿಯ ದುರಸ್ತಿ ತಂಡವು ಬೆಂಕಿ ಆರಿಸುತ್ತದೆ, ನೀರು ನುಗ್ಗುವುದನ್ನು ತಡೆಯುತ್ತದೆ, ಮುರಿದ ಚುಕ್ಕಾಣಿ ಮತ್ತು ಎಂಜಿನ್ ಸರಿಪಡಿಸುತ್ತದೆ. ಆಮೇಲೆ ಬಹಳ ಹೊತ್ತು ಅದು ಸಿಗುವುದಿಲ್ಲ. ಬ್ಯಾಟಲ್‌ಶಿಪ್ಪಿನಲ್ಲಿ ಒಂದೇ ಬೆಂಕಿ ಹತ್ತಿದಾಗ ಅದನ್ನು ಬಳಸಿದರೆ, ಮುಂದಿನ ಸುತ್ತಿನಲ್ಲಿ ಮೂರು ಕಡೆ ಹತ್ತಿದಾಗ ಸುಮ್ಮನೆ ಉರಿಯಬೇಕಾಗುತ್ತದೆ. ಒಂದು ಬೆಂಕಿಯನ್ನು ಸಹಿಸಿ, ಎರಡಾದ ಮೇಲೆ ಅಥವಾ ಪಕ್ಕೆಯಲ್ಲಿ ನೀರು ನುಗ್ಗಿದಾಗ ಬಳಸಿ. ಬೆಂಕಿಯಿಂದಾದ ಹಾನಿಯನ್ನು ಹಡಗಿನ ಮೈ ದುರಸ್ತಿ ಮಾಡುವ ಬೇರೊಂದು ಸಾಧನದಿಂದ ಪೂರ್ತಿ ಮರಳಿ ಪಡೆಯಬಹುದು. ಗರ್ಭಭಾಗಕ್ಕೆ ಬಿದ್ದ ಪೆಟ್ಟಿನಲ್ಲಿ ಸಾಮಾನ್ಯವಾಗಿ ಹತ್ತರಲ್ಲೊಂದು ಪಾಲು ಮಾತ್ರ ಮರಳುತ್ತದೆ. ಬೆಂಕಿಗೆ ಹೆದರಿ ಪಕ್ಕೆ ತೋರಿಸಿ ಓಡುವವರು ಸಣ್ಣ ಸಾಲಕ್ಕೆ ಅಂಜಿ ಹೊಲವನ್ನೇ ಮಾರಿದಂತಾಗುತ್ತದೆ. ಚುಕ್ಕಾಣಿ ಮುರಿದರೆ ಮಾತ್ರ ತಡಮಾಡಬೇಡಿ: 1941ರ ಮೇ 26ರ ಸಂಜೆ ‘ಆರ್ಕ್ ರಾಯಲ್’ ನೌಕೆಯ ವಿಮಾನವೊಂದರ ಟಾರ್ಪಿಡೊ ಬಿಸ್ಮಾರ್ಕ್‌ನ ಚುಕ್ಕಾಣಿಯನ್ನು ಕಟ್ಟಿಹಾಕಿದ ಮೇಲೆ ಅದು ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಲಾರದೆ ಮರುದಿನ ಬೆಳಗ್ಗೆ ಮುಳುಗಿತು.

ಇಷ್ಟು ಕಲಿತವನೂ ಸೋಲುವುದುಂಟು, ಏಕೆಂದರೆ ಪಂದ್ಯವು ಅಂಕಗಳಿಂದ ತೀರ್ಮಾನವಾಗುತ್ತದೆ. ಹೆಚ್ಚು ಆಡುವ ಬಗೆಯಲ್ಲಿ ತಂಡಗಳು 300 ಅಂಕಗಳಿಂದ ಆರಂಭಿಸಿ 1,000 ಮುಟ್ಟಿದರೆ ಗೆಲ್ಲುತ್ತವೆ. ನಕಾಶೆಯ ಮೇಲಿನ ವಲಯಗಳನ್ನು ಹಿಡಿದಿಟ್ಟುಕೊಂಡಷ್ಟು ಹೊತ್ತು ಅಂಕ ಏರುತ್ತದೆ. ಶತ್ರುವಿನ ಹಡಗು ಮುಳುಗಿದರೆ ನಿಮಗೆ ಸೇರಿ ಅವರಿಗೆ ಕಳೆಯುತ್ತದೆ. ಮೊದಲ ಐದು ನಿಮಿಷ ವಲಯದೊಳಗೆ ಹೋಗುವ ಕೆಲಸವನ್ನು ಡೆಸ್ಟ್ರಾಯರುಗಳಿಗೆ ಬಿಟ್ಟು, ಅವುಗಳ ಹಿಂದೆ ಗುಂಡು ಮುಟ್ಟುವಷ್ಟು ದೂರದಲ್ಲಿ, ಹಿಂದಿರುಗುವ ದಾರಿಯಿಟ್ಟುಕೊಂಡು ನಿಲ್ಲಿ. ಇಡೀ ತಂಡ ಒಂದೇ ಮೂಲೆಗೆ ನುಗ್ಗುತ್ತಿದ್ದರೆ ನೀವು ಅದರ ಹಿಂದೆ ಹೋಗಬೇಡಿ. ಎರಡು ದಿಕ್ಕಿನಿಂದ ಬರುವ ಗುಂಡಿಗೆ ಯಾರೂ ಏಕಕಾಲಕ್ಕೆ ಕೋನ ಒಡ್ಡಲಾರರು. ಪ್ಲೇಟ್ ನದೀಮುಖದ ಕಾಳಗದಲ್ಲಿ ಬ್ರಿಟಿಷರ ಕಮೊಡೋರ್ ಹಾರ್ವುಡ್ ಮಾಡಿದ್ದು ಇದನ್ನೇ: 28 ಸೆಂಟಿಮೀಟರ್ ಫಿರಂಗಿಗಳ ಗ್ರಾಫ್ ಸ್ಪೀ ಎದುರು ತನ್ನ ಮೂರು ಸಣ್ಣ ಕ್ರೂಸರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸದೆ, ‘ಎಕ್ಸೆಟರ್’ ಅನ್ನು ಒಂದು ಕಡೆಗೂ ‘ಅಜಾಕ್ಸ್’ ಮತ್ತು ಅಕಿಲೀಸ್‌ಗಳನ್ನು ಇನ್ನೊಂದು ಕಡೆಗೂ ಒಡೆದು, ಶತ್ರುವಿನ ಗುರಿಯನ್ನು ಹರಿದು ಹಂಚಿದನು. ಎಕ್ಸೆಟರ್ ಭಾರೀ ಪೆಟ್ಟು ತಿಂದರೂ ಗ್ರಾಫ್ ಸ್ಪೀ ಮಾಂಟೆವಿಡಿಯೊ ಬಂದರನ್ನು ಹೊಕ್ಕು, ಡಿಸೆಂಬರ್ 17ರಂದು ತನ್ನ ನಾವಿಕರ ಕೈಯಿಂದಲೇ ಮುಳುಗಿಸಲ್ಪಟ್ಟಿತು.

ಹಣದ ಬಗ್ಗೆ ಒಂದು ಮಾತನ್ನು ಹೇಳಲೇಬೇಕು. ಈ ಆಟದ ಅಂಗಡಿಯಲ್ಲಿ ಹಣಕ್ಕೆ ಸಿಗುವ ಹಡಗುಗಳೂ ಒಳಗೇನಿದೆಯೆಂದು ತಿಳಿಯದೆ ಕೊಳ್ಳುವ ಪೆಟ್ಟಿಗೆಗಳೂ ಇವೆ. ಕೊಂಡ ಹಡಗು ಕೋನವನ್ನಾಗಲಿ ಗುರಿಯನ್ನಾಗಲಿ ಕಲಿಸುವುದಿಲ್ಲ. ಎಂಟನೆಯ ಹಂತದ ಹಡಗನ್ನು ಕೊಂಡು ಇಳಿದ ಹೊಸಬನು ಸಾವಿರಾರು ಪಂದ್ಯ ಆಡಿದವರ ಎದುರು ನಿಲ್ಲಬೇಕಾಗುತ್ತದೆ. ಪೆಟ್ಟಿಗೆಗಳನ್ನು ಮಕ್ಕಳು ಮುಟ್ಟದಂತೆ ಹಿರಿಯರು ಬ್ಯಾಂಕಿನ ಕಾರ್ಡು, ಯುಪಿಐಗಳನ್ನು ಆಟದ ಖಾತೆಯಿಂದ ದೂರವಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಒಬ್ಬರೇ ಆಡುವುದಕ್ಕಿಂತ ಪರಿಚಯದವರ ಜೊತೆ ಕೂಡಿ ಆಡಿದರೆ ಕಲಿಕೆ ಬೇಗ ಆಗುತ್ತದೆ. ಸಾಮಾನ್ಯ ಪಂದ್ಯದಲ್ಲಿ ಮೂವರವರೆಗೆ ಜೊತೆಗೂಡಬಹುದು. ನಾವು ಇಬ್ಬರೂ ಆಡುವಾಗ ಅಳಿಯ ಡೆಸ್ಟ್ರಾಯರನ್ನೂ ನಾನು ಕ್ರೂಸರನ್ನೂ ತೆಗೆದುಕೊಳ್ಳುತ್ತೇವೆ. ಅವನು ವಲಯದ ಅಂಚಿಗೆ ಹೋಗಿ ಶತ್ರುವನ್ನು ಕಾಣುತ್ತಾನೆ, ತಾನು ಗುಂಡು ಹಾರಿಸುವುದಿಲ್ಲ. ನಾನು ಅವನ ಹಿಂದೆ ಎಂಟು ಹತ್ತು ಕಿಲೋಮೀಟರಿನಲ್ಲಿ ದ್ವೀಪವೊಂದರ ಮರೆಯಲ್ಲಿ, ಸಿಡಿಗುಂಡು ಇರುವ ಹಡಗಾದರೆ ಅದನ್ನೇ ತುಂಬಿಕೊಂಡು, ಗೋಪುರಗಳನ್ನು ಆ ದಿಕ್ಕಿಗೆ ಮೊದಲೇ ತಿರುಗಿಸಿಟ್ಟುಕೊಂಡು ಕಾಯುತ್ತೇನೆ. ಎದುರಿನ ಡೆಸ್ಟ್ರಾಯರ್ ಕಂಡ ಕೂಡಲೇ ಅವನು ದಿಕ್ಕನ್ನೂ ಅದು ಯಾವ ಕಡೆಗೆ ತಿರುಗುತ್ತಿದೆ ಎಂಬುದನ್ನೂ ಹೇಳುತ್ತಾನೆ, ನನ್ನ ಮೊದಲ ಗೋಪುರ ಹಾರುತ್ತದೆ, ನೀರು ಚಿಮ್ಮಿದ ಜಾಗವನ್ನು ನೋಡಿ ಉಳಿದವು ಹಾರುತ್ತವೆ. ಆ ಹೊತ್ತಿಗೆ ಅವನು ಹೊಗೆ ಬಿಟ್ಟು ಹಿಂದಕ್ಕೆ ತಿರುಗಿರುತ್ತಾನೆ. ನೀವಿಬ್ಬರು ಕೂಡಿ ಆಡುವುದಾದರೆ ಈ ಜೋಡಿಯಿಂದಲೇ ಆರಂಭಿಸಿ, ಒಂದು ವಾರದ ನಂತರ ಹಡಗುಗಳನ್ನು ಅದಲುಬದಲು ಮಾಡಿಕೊಳ್ಳಿ.